ಅವಳ ಕಷಾಯ, ನನ್ನ ಹೊಟ್ಟೆ

ತೀರಿಕೊಂಡವರ ಸೀರೆಗಳನ್ನು ಬೇಕಾದವರಿಗೆ ಕೊಡಬಹುದು, ಕನ್ನಡಕವನ್ನು ಡಬ್ಬಿಯಲ್ಲಿಟ್ಟು ಮುಚ್ಚಬಹುದು. ಅವರು ಕುಡಿದು ಉಳಿಸಿದ ಔಷಧಿಯನ್ನು ಏನು ಮಾಡಬೇಕೆಂದು ಮಾತ್ರ ಯಾವ ಪುರೋಹಿತರೂ ಹೇಳುವುದಿಲ್ಲ. ನನ್ನ ಹೆಂಡತಿ ಸರೋಜ ಹೋದ ಮೇಲೆ, ಪರದೇಶದ ಗಿರಾವೀನ್ ಬಡಾವಣೆಯ ನಮ್ಮ ಮನೆಯ ಫ್ರಿಜ್‌ನಲ್ಲಿ ಅವಳ ಕೊರಿಯನ್ ಕಷಾಯದ ಪ್ಯಾಕೆಟ್ಟುಗಳು ಹಾಗೇ ಕೂತಿದ್ದವು. ಎಸೆಯಲು ಮನಸ್ಸಾಗದೆ ದಿನವೂ ಬಿಸಿ ಮಾಡಿ ನಾನೇ ಕುಡಿಯತೊಡಗಿದೆ. ಆ ಬೇರುಗಳ ಕಹಿ ವಾಸನೆ ಅಡುಗೆಮನೆ ತುಂಬಿದರೆ, ಅವಳು ಈಗಷ್ಟೇ ಒಲೆಯ ಮುಂದಿನಿಂದ ಆಚೆಗೆ ಹೋದಳೇನೋ ಅನ್ನಿಸುತ್ತಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಅವಳಿಗೆ ಅಜೀರ್ಣ ಹತ್ತಿಕೊಂಡಿತ್ತು. ಆಫೀಸಿನ ಗೆಳತಿಯೊಬ್ಬಳು ಅದೇ ನಗರದ ಕ್ಯಾಂಪ್ಸಿ ಬಡಾವಣೆಯ ಕೊರಿಯನ್ ವೈದ್ಯರ ಹತ್ತಿರ ಕರೆದೊಯ್ದಳು. ಅವರು ನಾಡಿ ಹಿಡಿದು, ನಾಲಿಗೆ ನೋಡಿ, ತಣ್ಣನೆಯ ಹೊಟ್ಟೆ ಎಂದು ಈ ಕಷಾಯ ಶುರುಮಾಡಿಸಿದರು. ಶುಂಠಿ, ಬಿಸಿ ಗಂಜಿ ಆಗಬಹುದು. ಸೌತೆಕಾಯಿ, ಕಲ್ಲಂಗಡಿ, ಮೊಸರು ಬೇಡ. ಮೈಸೂರಿನವಳಿಗೆ ಮೊಸರು ಬೇಡವೆಂದರೆ!

“ರೀ, ಒಂದೇ ಒಂದು ಚಮಚ ಹಾಕ್ಕೊಳ್ತೀನಿ. ಕ್ಯಾಂಪ್ಸಿಯಿಂದ ಅವರಿಗೆ ಕಾಣತ್ತೇನ್ರೀ?”

“ಪಥ್ಯ ಅಂದ್ರೆ ಪಥ್ಯ ಕಣೇ.”

“ಹಾಗಾದ್ರೆ ನಿಮಗೂ ಇಲ್ಲ. ಒಂದೇ ಮನೇಲಿ ಎರಡು ಅಡುಗೆ ನನ್ ಕೈಲಾಗಲ್ಲ.”

ಹೀಗೆ ಕಲ್ಲು ಕರಗಿಸುವ ಹೊಟ್ಟೆಯ ನಾನೂ ಗಂಜಿಗೆ ಬಿದ್ದೆ. ಅವಳು ಹೋದದ್ದು ಹೃದಯ ನಿಂತು. ಹೊಟ್ಟೆಯ ಮೇಲೆ ಆ ಅಪವಾದ ಬೇಡ.

ಅವಳು ಉಳಿಸಿಹೋದ ಕಷಾಯ ಕುಡಿಯತೊಡಗಿದ ಮೇಲೆ ನನ್ನ ಬಾಯಿತುಂಬ ಹುಣ್ಣೆದ್ದಿತು. ಟ್ರೇನ್ ಹತ್ತಿ ಅದೇ ವೈದ್ಯರ ಹತ್ತಿರ ಹೋಗಿ ಎಲ್ಲ ಹೇಳಿದೆ. ನಾಡಿ ನೋಡಿ ತಲೆ ಅಲ್ಲಾಡಿಸಿದರು.

“ಮಿಸ್ಟರ್, ನಿಮ್ಮದು ಬಿಸಿ ಹೊಟ್ಟೆ. ನಿಮ್ಮ ವೈಫ್‌ಗೆ ಪೂರ್ತಿ ಉಲ್ಟಾ. ಕಷಾಯ ನಿಲ್ಲಿಸಿ. ಸೌತೆಕಾಯಿ ತಿನ್ನಿ, ಮೊಸರು ತಿನ್ನಿ.”

ನಮ್ಮ ಮದುವೆಗೆ ಮೊದಲು ಹಿರಿಯರು ಜಾತಕಗಳನ್ನು ಕೂಡಿಸಿ ನೋಡಿದ್ದರು. ಹೊಟ್ಟೆಗಳನ್ನು ಯಾರೂ ನೋಡಿರಲಿಲ್ಲ.

“ಸ್ವಲ್ಪ ಸ್ವಲ್ಪ ಕುಡಿದರೆ?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅವರಿದ್ದಿದ್ದರೆ ನಿಮಗೆ ಸರಿಯಾಗಿ ಬೈತಿದ್ದರು.”

ಮನೆಗೆ ಬಂದು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದೆ. ವಾಸನೆ ಇನ್ನಷ್ಟು ಹೊತ್ತು ಇರಲೆಂದು ಕಿಟಕಿ ಮುಚ್ಚಿದೆ. ಆಮೇಲೆ ಅನ್ನಕ್ಕೆ ಮೊಸರು ಕಲಸಿ, ಅವಳ ಫೋಟೋಗೆ ಬೆನ್ನು ಮಾಡಿ ಕೂತೆ. ನಾಲ್ಕು ತುತ್ತಿಗೇ ಬಾಯಿಯ ಉರಿ ಇಳಿಯಿತು. ಇಷ್ಟು ಬೇಗ ಇಳಿಯಬಾರದಿತ್ತು ಅಂದುಕೊಂಡೆ. ಅಂದುಕೊಳ್ಳುತ್ತಲೇ ಇನ್ನೊಂದು ಸಲ ಬಡಿಸಿಕೊಂಡೆ.