ನಡುವಿನ ಅರ್ಧದ ಲೆಕ್ಕ

ಕಂಪ್ಯೂಟರ್ ಮುಂದೆ ಕೂತವರಿಗೆ ನಗುವಂಥದ್ದು ಏನು ನಡೆಯುತ್ತದೆ ಅಂತ ಕೇಳುತ್ತಾರೆ. ನನಗಂತೂ ವಾರಕ್ಕೊಂದು ನಡೆಯುತ್ತದೆ. ಸಂಡೂರಿನ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಅಂಕಿಅಂಶ ನೋಡುವವಳು ನಾನು. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಕೆಳಗಿನ ಕಾಲು ಭಾಗ, ಮೇಲಿನ ಕಾಲು ಭಾಗ ಬಿಟ್ಟು, ನಡುವಿನ ಅರ್ಧ ಎಷ್ಟು ಅಗಲ ಹರಡಿದೆ ಅಂತ ಸಾಫ್ಟ್‌ವೇರ್‌ನಲ್ಲಿ ತೆಗೆಯಬೇಕು. ಪುಸ್ತಕದಲ್ಲಿ ಅಂತರ ಚತುರ್ಥಕ ವ್ಯಾಪ್ತಿ, ನಮ್ಮ ಬಾಯಲ್ಲಿ ಐಕ್ಯೂಆರ್.

೧

ಒಮ್ಮೆ ನಲವತ್ತು ಸ್ಯಾಂಪಲ್ಲುಗಳ ಕಬ್ಬಿಣದ ಅಂಶಕ್ಕೆ ಐಕ್ಯೂಆರ್ ಹತ್ತೊಂಬತ್ತೂವರೆ ಬಂತು. ಎರಡು ದಾಟಿದರೇ ನಮಗೆ ಗಾಬರಿ. ಮ್ಯಾನೇಜರು ಲಾರಿಗಳನ್ನು ಗೇಟಿನಲ್ಲೇ ನಿಲ್ಲಿಸಿ ಓಡಿಬಂದರು.

"ಏನ್ರಿ ಮೇಡಂ, ಗುಡ್ಡದ ಅರ್ಧ ಕಬ್ಬಿಣ, ಅರ್ಧ ಬರೀ ಮಣ್ಣ ಆಗೇತೇನು?"

ಮತ್ತೆ ನೋಡಿದೆ. ನಾನು ಲೆಕ್ಕ ಹಾಕಿದ್ದು ಕ್ರಮಸಂಖ್ಯೆಯ ಸಾಲನ್ನು, ಒಂದರಿಂದ ನಲವತ್ತು. ಪಕ್ಕದ ಕಬ್ಬಿಣದ ಸಾಲು ಹಿಡಿದರೆ ಒಂದೂವರೆಯೂ ಇಲ್ಲ. ಮ್ಯಾನೇಜರು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು.

"ಪುಣ್ಯ. ಕೆಟ್ಟಿದ್ದು ಗುಡ್ಡ ಅಲ್ಲ, ನೀವು ಅಷ್ಟ."

೨

ಎಂಟೇ ಸ್ಯಾಂಪಲ್ಲಿನ ಒಂದು ವರದಿ, ಕಬ್ಬಿಣದ್ದಲ್ಲ, ತೇವಾಂಶದ್ದು. ನನಗೆ ಐಕ್ಯೂಆರ್ ಮೂರೂವರೆ ಬಂದರೆ, ಹೊಸಪೇಟೆ ಕಚೇರಿಯಲ್ಲಿ ಪರಿಶೀಲಿಸುವವರಿಗೆ ನಾಲ್ಕು ಬಂತು. ಅವರು ಬಸ್ ಹತ್ತಿ ಜಗಳಕ್ಕೇ ಬಂದರು. ತಪ್ಪು ನನ್ನದಾದರೆ ಎಲ್ಲಾ ಪರೀಕ್ಷೆ ಮೊದಲಿಂದ ಮಾಡಬೇಕು. ಇಬ್ಬರೂ ಕೂತು ಎರಡು ಸಾಫ್ಟ್‌ವೇರಿನ ವಿವರಣೆ ಓದಿದೆವು. ಕಾಲು ಭಾಗದ ಗಡಿ ಎರಡು ಅಂಕಿಗಳ ನಡುವೆ ಬಿದ್ದರೆ, ಅದನ್ನು ಎಲ್ಲಿಡಬೇಕೆಂದು ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಪದ್ಧತಿಯಂತೆ.

"ಅಂದ್ರ ನಿಮ್ದೂ ಖರೆ, ನಮ್ದೂ ಖರೆ ಏನ್ರಿ?" ಅಂದರು ಅವರು.

"ಹೌದ್ರಿ ಸರ್."

ಬರೆದು ತಂದಿದ್ದ ಎರಡು ಪುಟದ ದೂರನ್ನು ಟೇಬಲ್ಲಿನ ಮೇಲೆ ಹಾಸಿದರು. ಅದರ ಮೇಲೆ ಬಿಸಿ ಮಿರ್ಚಿ ಭಜಿ ಹಾಕಿಕೊಂಡು ಇಬ್ಬರೂ ತಿಂದೆವು.

೩

ಕಂಪ್ಲಿಯಲ್ಲಿರುವ ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಪರೀಕ್ಷಿಸಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಏರಿಳಿತ ನೋಡೋಣವೆಂದು ಒಂದು ತಿಂಗಳಿನದು ಲ್ಯಾಪ್‌ಟಾಪಿಗೆ ಹಾಕಿದೆ. ಉತ್ತರ ಬಂದದ್ದನ್ನು ಹಾಗೇ ಓದಿಬಿಟ್ಟೆ: "ಸಂಖ್ಯೆ ಅಲ್ಲ."

ಅತ್ತೆ ಗೋಡೆಗೆ ಒರಗಿದರು. "ಸಂಖ್ಯಾನೂ ದಾಟಿ ಹೋತೇನವ್ವ ನನ್ನ ಸಕ್ಕರಿ?"

ನಾನು ಗಡಿಬಿಡಿಯಲ್ಲಿ ಕ್ಯಾಲೆಂಡರ್ ತೆಗೆದುಕೊಂಡೆ. ನೋಡಿದರೆ, ಒಂದು ದಿನದ್ದು ಖಾಲಿ ಇತ್ತು. ಅವತ್ತು ಅವರು ಮದುವೆಗೆ ಹೋಗಿದ್ದರಂತೆ. ಆ ಖಾನೆ ಬಿಟ್ಟು ಹಾಕಿದಾಗ ಹದಿನಾಲ್ಕು ಬಂತು. ಏರಿಳಿತ ಹೆಚ್ಚಿರಲಿಲ್ಲ. ನನಗೆ ಜೀವ ಬಂದಂತಾಯಿತು. ಲೆಕ್ಕ ಹೆಂಗೆ ಅಂತ ಕೇಳಿದರು. ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಬಿಡುತ್ತೇವೆ ಅಂದೆ. ಅತ್ತೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಎಣಿಸಿದರು.

"ಅಂದ್ರ ತಿಂಗಳಿಗೆ ಒಂದ್ ವಾರ ಹೋಳಿಗಿ ತಿಂದ್ರ ಲೆಕ್ಕಕ್ಕ ಬರಂಗಿಲ್ಲ ಅನ್ನು."