ಉಬ್ಬದ ಬಿಸ್ಕತ್ತು

ಬಯೂಮಿಯ ಬಾಳಿಗೆ ಕಲ್ಲು ಹಾಕಿದ್ದು ಒಂದು ಚೀಟಿ. ಎರಡು ಬೆರಳಗಲದ ಚೀಟಿ. ಅದರ ಮೇಲೆ ಅವನದೇ ದುಂಡನೆಯ ಅಕ್ಷರದಲ್ಲಿ ಎರಡೇ ಮಾತು: ‘ನುಶಾದರ್. ಸರ್ಕಾರಿ.’

ಓದಿದ ಇಂಜಿನಿಯರುಗಳು ಅದನ್ನು ಅಮೋನಿಯ ಎನ್ನುತ್ತಾರೆ. ಆದರೆ ಕಫ್ರ್ ಸಫ್ಸಾಫ್ ಊರಿನ ಕೊಳಚೆ ನೀರಿನ ಶುದ್ಧೀಕರಣ ಘಟಕದ ಫಾರಮ್ಮು ರಾಜರ ಕಾಲದ್ದು. ಅದರಲ್ಲಿ ಅಜ್ಜಿಯರ ಬಾಯಿಯ ಮಾತೇ ಅಚ್ಚಾಗಿತ್ತು: ನುಶಾದರ್. ಫಾರಮ್ಮಿನಲ್ಲಿ ಇದ್ದ ಹಾಗೇ ಚೀಟಿಯಲ್ಲೂ ಬರೆಯದಿದ್ದರೆ ಬಾಟಲಿ ವಾಪಸು. ಹನ್ನೊಂದು ವರ್ಷದ ನೌಕರಿಯಲ್ಲಿ ಬಯೂಮಿ ಇಷ್ಟನ್ನಾದರೂ ಕಲಿತಿದ್ದ, ಪಾಪ.

ಆವತ್ತು ರಂಜಾನಿನ ಇಪ್ಪತ್ತೇಳನೆಯ ದಿನ. ಬೆಳಿಗ್ಗೆ ಏಳಕ್ಕೇ ಬಯೂಮಿ ಘಟಕದ ನೀರು ಕಾಲುವೆಗೆ ಬೀಳುವ ಜಾಗದಲ್ಲಿ ಮೊಣಕಾಲೂರಿ ಬಾಟಲಿ ತುಂಬಿಸುತ್ತಿದ್ದ. ಕಂಠದಿಂದ ಒಂದು ಬೆರಳು ಕೆಳಗೆ ನಿಲ್ಲಿಸಿ ಮುಚ್ಚಳ ತಿರುಗಿಸಿದ. ಕೆಳಗೆ ಬೆರಳುದ್ದದ ಬುಲ್ತಿ ಮೀನಿನ ಮರಿಗಳು ನೀರಿಗೆದುರಾಗಿ ಈಜುತ್ತಿದ್ದವು. ಅವನ್ನು ನೋಡಿ ಅವನ ಕಣ್ಣು ತುಂಬಿತು. ಹೋದ ಚಳಿಗಾಲದಲ್ಲಿ ಇದೇ ಜಾಗದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಕೆಳಗಿನ ಕೊಳಗಳಲ್ಲಿ ಮೀನು ಸಾಕುವವರು ಎರಡು ಕತ್ತೆಗಾಡಿ ಸತ್ತ ಮೀನು ತಂದು ಆಫೀಸಿನ ಮೆಟ್ಟಿಲ ಮೇಲೆ ಸುರಿದು, ನಾಲ್ಕು ತಲೆಮಾರು ಸೇರಿಸಿ ಬೈದು ಹೋಗಿದ್ದರು.

ಘಟಕ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿತ್ತು. ಫೇಲು ಮಾಡಿಸಿದ್ದು ಮುಖ್ಯ ಇಂಜಿನಿಯರ್ ನಶಾತ್. ಕರೆಂಟು ಉಳಿಸುತ್ತೇನೆ ಎಂದು ಅರ್ಧ ದಿನ ತೊಟ್ಟಿಗೆ ಗಾಳಿ ಊದುವ ಯಂತ್ರ ನಿಲ್ಲಿಸುತ್ತಿದ್ದರು. ಕೊಳಚೆಯ ಅಮೋನಿಯವನ್ನು ತಿಂದು ತೀರಿಸುವ ಸೂಕ್ಷ್ಮಜೀವಿಗಳಿಗೆ ಉಸಿರಾಡಲು ಗಾಳಿ ಬೇಕು. ಗಾಳಿಯಿಲ್ಲದೆ ಅವು ಸತ್ತವು, ಆಮೇಲೆ ಮೀನು ಸತ್ತಿತು, ಆಮೇಲೆ ತಪ್ಪು ಬಯೂಮಿಯ ತಲೆಗೆ ಬಂತು. ತಪ್ಪಿಗೂ ಇಳಿಜಾರು ಕಂಡರೆ ಇಷ್ಟ ನೋಡಿ.

ನಲವತ್ತು ದಿನ ಬಯೂಮಿ ಆ ಯಂತ್ರದ ಪಕ್ಕದಲ್ಲೇ ಕೂತಿದ್ದ. ಬೆಲ್ಟು ಹರಿದಾಗ ತನ್ನ ಸೈಕಲ್ಲಿನ ಟ್ಯೂಬು ಕೊಯ್ದು ಕಟ್ಟಿದ್ದ. ತೊಟ್ಟಿಯೊಳಗಿನ ಜೀವಿಗಳನ್ನು ‘ನನ್ನ ಮಕ್ಕಳು’ ಅನ್ನುತ್ತಿದ್ದ. ಜನ್ಮದಲ್ಲಿ ಮೊದಲ ಸಲ ಅವನೊಂದು ಕೆಲಸ ಸರಿಯಾಗಿ ಮಾಡಿದ್ದ. ಅದಕ್ಕೆ ಸಾಕ್ಷಿ ಈ ಬಾಟಲಿ.

ಜಿಲ್ಲಾ ಲ್ಯಾಬಿನಲ್ಲಿ ಡಾಕ್ಟರ್ ಇಬ್ತಿಹಾಲ್ ಬಾಟಲಿಯನ್ನು ಒಂದೇ ಬೆರಳಿನಲ್ಲಿ ಮುಟ್ಟಿದರು.

“ಬೆಚ್ಚಗಿದೆಯಲ್ಲಪ್ಪ.”

“ಐಸ್ ಹಾಕಿದ್ದೆ ಮೇಡಂ. ಬಸ್ಸು ದಾರೀಲಿ ಮೂರು ಸಲ ಕೆಟ್ಟು ನಿಂತ್ಬಿಡ್ತು, ಎಲ್ಲಾ ಕರಗಿಹೋಯ್ತು.”

“ಕರಗಿದ್ರೆ ನಾನೇನು ಕೂತ್ಕೊಂಡು ಅಳ್ಲಾ? ತಣ್ಣಗಿಲ್ದೆ ಇದ್ರೆ ಮುಟ್ಟಲ್ಲ. ಮತ್ತೆ ಇಲ್ಲಿ ನಿಮ್ಮ ಸಾಹೇಬರ ಸಹಿ ಎಲ್ಲಿ?”

“ಅವರು ಮಲಗಿದ್ರು ಮೇಡಂ.”

“ಎಬ್ಬಿಸಿ ಹಾಕಿಸ್ಕೊಂಡು ಬಾ. ಒಂದು ಗಂಟೆಗೆ ಬಾಗಿಲು ಹಾಕ್ತೀನಿ. ಇವತ್ತೇ ಕೊನೇ ದಿನ. ಬಾಟಲಿ ಬರದಿದ್ರೂ ಫೇಲು ಅಂತಲೇ ಬರೀತೀನಿ.”

ಪುಣ್ಯಕ್ಕೆ ಬಯೂಮಿಯ ಮನೆ ಲ್ಯಾಬಿನ ಹಿಂದಿನ ಓಣಿಯಲ್ಲೇ. ಆದರೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆ ಮೂರೇ ದಿನವಿತ್ತು. ಹೆಂಗಸರೆಲ್ಲ ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು, ತಲೆಯ ಮೇಲೆ ತಗಡಿನ ತಟ್ಟೆ ಹೊತ್ತು ಹಬ್ಬದ ಬಿಸ್ಕತ್ತು ಬೇಯಿಸುವ ಒಲೆಮನೆಗೆ ಓಡಾಡುತ್ತಿದ್ದರು. ಅವನ ಮನೆಯ ಫ್ರಿಜ್ಜಿನಲ್ಲಿ ಹಬ್ಬದ ಮಾಂಸ ತುಂಬಿ, ಬಾಗಿಲಿಗೆ ಹಗ್ಗ ಬಿಗಿದಿತ್ತು.

“ಎದುರುಮನೆ ಅಕ್ಕನ ಫ್ರಿಜ್ಜಲ್ಲಿ ಇಡಿ” ಎಂದಳು ಹೆಂಡತಿ ಸನಿಯ್ಯಾ.

ಎದುರುಮನೆಯ ಉಮ್ ಫಿಕ್ರಿ ಓಣಿಗೆಲ್ಲ ಹಿರಿಯಕ್ಕ. ಹೆರಿಗೆಯಿಂದ ಹೆಣದವರೆಗೆ ಅವಳ ಕೈ ಸೋಕದ ಕಾರ್ಯವಿಲ್ಲ. ಕೊಪ್ಪರಿಗೆಯಷ್ಟು ದೊಡ್ಡ ಪಾತ್ರೆಯಲ್ಲಿ ಇಡೀ ಓಣಿಯ ಬಿಸ್ಕತ್ತಿನ ಹಿಟ್ಟಿಗೆ ಬೆಣ್ಣೆ ತಿಕ್ಕುತ್ತ ಕೂತಿದ್ದಳು.

“ಅಕ್ಕಾ, ಇದನ್ನ ಎರಡು ಗಂಟೆ ತಣ್ಣಗಿಟ್ಟಿರಿ. ನನ್ನ ಬದುಕೇ ಇದರಲ್ಲಿದೆ.”

“ಏನಪ್ಪಾ ಇದು?”

ಚರಂಡಿಯ ನೀರು ಎಂದರೆ ಬಾಟಲಿ ಬೀದಿಗೆ, ಹಿಂದೆಯೇ ಬಯೂಮಿಯೂ ಬೀದಿಗೆ. “ಆಫೀಸಿಂದು” ಎಂದಷ್ಟೇ ಹೇಳಿ ಬಸ್ಸು ಹಿಡಿಯಲು ಓಡಿದ.

ಘಟಕದಲ್ಲಿ ನಶಾತ್ ಸಾಹೇಬರು ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದ್ದರು. ಉಪವಾಸದವನ ನಿದ್ದೆಯೂ ಪುಣ್ಯವೇ ಅಂತ ಹಿರಿಯರು ಹೇಳುತ್ತಾರೆ. ಆ ಲೆಕ್ಕಕ್ಕೆ ಸಾಹೇಬರಿಗೆ ಸ್ವರ್ಗ ಗ್ಯಾರಂಟಿ. ಬಯೂಮಿ ಪಕ್ಕದಲ್ಲಿ ನಿಂತು ಅರ್ಧ ಗಂಟೆ ಕೆಮ್ಮಿದ ಮೇಲೆ ಒಂದು ಕಣ್ಣು ತೆರೆದು ಸಹಿ ಹಾಕಿದರು.

“ಸಾರ್, ಇದು ಕಾವಲುಗಾರ ಸಹಿ ಮಾಡೋ ಜಾಗ.”

“ಮೊದಲೇ ಹೇಳಕ್ಕಾಗಲ್ವೇನೋ? ಇನ್ನೊಂದು ಫಾರಮ್ ತಾ.” ಎರಡನೆಯದಕ್ಕೆ ಸಹಿ ಹಾಕಿ, “ಈ ಸಲ ಫೇಲಾದ್ರೆ ಗೊತ್ತಲ್ಲ? ಓಯಸಿಸ್ಸಿನಲ್ಲಿ ಒಂದು ಜಾಗ ಖಾಲಿಯಿದೆ” ಎಂದರು.

“ಆ ಮರಳುಗಾಡಲ್ಲಿ ಕೊಳಚೆ ನೀರೇ ಇಲ್ವಲ್ಲ ಸಾರ್.”

“ಅದಕ್ಕೇ ನಿನ್ನನ್ನ ಕಳಿಸೋದು. ಅಲ್ಲಿ ಕೆಡಿಸೋಕೆ ಏನೂ ಇರಲ್ಲ.”

ಬಯೂಮಿ ನಗಲಿಲ್ಲ. ಓಯಸಿಸ್ಸಿಗೆ ಬಸ್ಸಿನಲ್ಲಿ ಒಂದು ಇಡೀ ದಿನದ ಹಾದಿ. ಅಲ್ಲಿಗೆ ಹೋದರೆ ಇಬ್ಬರು ಹೆಣ್ಣುಮಕ್ಕಳ ಮುಖ ಎರಡು ತಿಂಗಳಿಗೊಮ್ಮೆ ನೋಡಬೇಕು. ಚಿಕ್ಕವಳಿಗೆ ಈಗತಾನೇ ಮಾತು ಬರುತ್ತಿತ್ತು.

ಹನ್ನೆರಡೂ ಮುಕ್ಕಾಲಿಗೆ ಏದುಸಿರು ಬಿಡುತ್ತ ಓಣಿಗೆ ಬಂದ. ಉಮ್ ಫಿಕ್ರಿ ಒಲೆಮನೆಗೆ ಹೋಗಿದ್ದಳು; ಸನಿಯ್ಯಾ ಅವಳ ಫ್ರಿಜ್ಜಿನಿಂದ ಬಾಟಲಿ ತಂದು ಕೊಟ್ಟಳು. ಮಂಜಿನಷ್ಟು ತಣ್ಣಗಿತ್ತು. ಕಂಠಪೂರ್ತಿ ತುಂಬಿತ್ತು. ‘ಒಂದು ಬೆರಳು ಕಡಿಮೆ ಇತ್ತಲ್ಲವೇ?’ ಎಂದು ಒಂದು ಗಳಿಗೆ ಅನ್ನಿಸಿತು. ಉಪವಾಸದ ತಲೆ, ಏನೇನೋ ಅನ್ನಿಸುತ್ತದೆ ಎಂದುಕೊಂಡು ಓಡಿದ.

ಲ್ಯಾಬಿನ ಗಡಿಯಾರದಲ್ಲಿ ಒಂದಕ್ಕೆ ನಾಲ್ಕು ನಿಮಿಷವಿತ್ತು. ಡಾಕ್ಟರ್ ಇಬ್ತಿಹಾಲ್ ಬಾಟಲಿ ಮುಟ್ಟಿ ನೋಡಿದರು, ಸಹಿ ನೋಡಿದರು, ಆ ದಿನ ಮೊದಲ ಸಲ ನಕ್ಕರು. ಮುಚ್ಚಳ ತೆರೆದರು. ಮರುಗಳಿಗೆ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

“ಯಾ ಅಲ್ಲಾಹ್! ಏನಯ್ಯಾ ಇದು?”

ಕೆಮ್ಮುತ್ತಲೇ ಒಂದಿಷ್ಟನ್ನು ಗಾಜಿನ ನಳಿಗೆಗೆ ಸುರಿದು ಎರಡು ತೊಟ್ಟು ಔಷಧಿ ಬಿಟ್ಟರು. ಅಮೋನಿಯ ಇಲ್ಲದ ನೀರಿಗೆ ಬಣ್ಣ ಬರುವುದಿಲ್ಲ; ಸ್ವಲ್ಪ ಇದ್ದರೆ ತಿಳಿ ಹಳದಿ ಬರುತ್ತದೆ. ಇದು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಗಸಿಯಾಗಿ ತಳಕ್ಕಿಳಿಯಿತು.

“ಇದು ಕೊಳಚೆ ನೀರಲ್ಲ ಬಯೂಮಿ. ಕೊಳಚೆ ನೀರಿಗೂ ಒಂದು ಮರ್ಯಾದೆ ಇರುತ್ತೆ.”

“ಮೇಡಂ, ಮೀನು ಈಜ್ತಿತ್ತು! ನಾನೇ ಕಣ್ಣಾರೆ ಕಂಡೆ! ಇನ್ನೊಂದು ಬಾಟಲಿ ತರ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ...”

“ಈ ನೀರಲ್ಲಿ ಮೀನು ಈಜಿದ್ರೆ ಅದು ಉಪ್ಪಿನಕಾಯಿ ಮೀನೇ ಇರಬೇಕು” ಎಂದು ಅವರು ಕೆಂಪು ಶಾಯಿಯಲ್ಲಿ ಬರೆದರು. ಆಮೇಲೆ ಘಟಕಕ್ಕೆ ಫೋನು ಮಾಡಿದರು. ಅತ್ತ ಕಡೆ ಸಾಹೇಬರು ಈಗ ಪೂರ್ತಿ ಎಚ್ಚರವಾಗಿದ್ದರು. ವರ್ಗಾವಣೆ ಹಬ್ಬ ಕಳೆದ ಮಾರನೆಯ ದಿನಕ್ಕೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಯೂಮಿ ಮಸೀದಿಯ ನೆರಳಿನಲ್ಲಿ ಮೂರು ಗಂಟೆ ಸುಮ್ಮನೆ ಕೂತ. ನಲವತ್ತು ದಿನದ ಕೆಲಸ ಎಲ್ಲಿ ತಪ್ಪಿತು? ತೊಟ್ಟಿಯ ಮಕ್ಕಳು ಯಾವಾಗ ಸತ್ತವು? ತನಗೆ ಮೀನು ಕಂಡದ್ದೂ ಸುಳ್ಳೇ? ದುಡಿದವನಿಗೆ ದುಡಿದದ್ದೇ ಸುಳ್ಳಾಗಿ ಕಂಡರೆ ಅದಕ್ಕಿಂತ ದೊಡ್ಡ ಸಂಕಟವಿಲ್ಲ. ಅವನು ಅತ್ತ.

ಹೊತ್ತು ಮುಳುಗುವ ಮುನ್ನ ಓಣಿಗೆ ಬಂದರೆ ಅಲ್ಲೂ ಸಾವಿನ ಮನೆಯ ಕಳೆ. ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನೆಲದ ಮೇಲೆ ಒಂಬತ್ತು ತಟ್ಟೆ ಬಿಸ್ಕತ್ತು, ಹಂಚಿನ ಚೂರುಗಳ ಹಾಗೆ.

“ಬಂದ ನೋಡಿ ಸರ್ಕಾರಿ ಮನುಷ್ಯ!” ಎಂದಳು ಉಮ್ ಫಿಕ್ರಿ. “ಎಂಥಾ ನುಶಾದರ್ ಕೊಟ್ಟೆಯಪ್ಪಾ?”

“ಯಾವ ನುಶಾದರ್ ಅಕ್ಕಾ?”

“ಬಾಟಲೀಲಿತ್ತಲ್ಲ! ಬಿಸ್ಕತ್ತು ಉಬ್ಬೋಕೆ ನುಶಾದರ್ ಪುಡಿ ಬೇಕು, ಅಂಗಡೀಲಿ ಒಂದು ಚಿಟಿಕೆ ಉಳಿದಿಲ್ಲ. ಫ್ರಿಜ್ಜು ತೆಗೆದ್ರೆ ನಿನ್ನ ಬಾಟಲಿ. ನಿನ್ನ ಹೆಂಡ್ತೀನೇ ಚೀಟಿ ಓದಿದ್ಲು, ‘ನುಶಾದರ್, ಸರ್ಕಾರಿ’ ಅಂತ. ಕರಗಿಸಿಯೇ ಇಟ್ಟಿದ್ದಾನೆ, ಪುಣ್ಯಾತ್ಮ, ಅಂತ ಹರಸಿ ಪೂರ್ತಿ ಹಿಟ್ಟಿಗೆ ಸುರಿದೆ.”

ಬಯೂಮಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. “ಪೂರ್ತಿ?”

“ಪೂರ್ತಿ. ಹಾಗಂತ ನಾನು ಇನ್ನೊಬ್ಬರದ್ದು ತಿನ್ನೋಳಲ್ಲ. ನಮ್ಮಮ್ಮ ಹೇಳಿಕೊಟ್ಟಿದ್ದು, ಯಾರ ಪಾತ್ರೇನೂ ಬರಿದು ಮಾಡಿ ವಾಪಸು ಕೊಡಬಾರದು ಅಂತ. ಯಜಮಾನರನ್ನ ಪಕ್ಕದೂರಿನ ಸಂತೆಗೆ ಅಟ್ಟಿ ನುಶಾದರ್ ತರಿಸ್ದೆ. ಒಂದರ ಬದಲು ಎರಡು ಪೊಟ್ಟಣ ಕರಗಿಸಿ, ಕಂಠಪೂರ್ತಿ ತುಂಬಿಸಿ ಇಟ್ಟೆ. ನೋಡಿದೆ ತಾನೇ?”

“ನೋಡಿದೆ ಅಕ್ಕಾ” ಎಂದ ಬಯೂಮಿ ಮೆಲ್ಲಗೆ.

“ನಾನು ಕೊಟ್ಟಿದ್ದು ಬೆಂಕಿಯಂಥಾ ಸರಕು. ನಿಂದು? ಥೂ! ಒಂದು ಕೂದಲಷ್ಟೂ ಉಬ್ಬಲಿಲ್ಲ.”

ಬಯೂಮಿ ತಲೆಯೆತ್ತಿದ. “ಒಂದು ಕೂದಲಷ್ಟೂ?”

“ಇಲ್ಲ!”

“ಒಂಬತ್ತು ತಟ್ಟೇಲೂ? ಸ್ವಲ್ಪವೂ? ಸರಿಯಾಗಿ ನೋಡಿ ಹೇಳಿ ಅಕ್ಕಾ!”

“ನುಶಾದರಿನ ವಾಸನೆ ಕೂಡ ಇರಲಿಲ್ಲ ಕಣೋ ಅದರಲ್ಲಿ! ಬರೀ ನೀರು! ಒಳ್ಳೇ ಬಾವಿ ನೀರು!”

ಬಯೂಮಿಯ ಎದೆ ತುಂಬಿ ಬಂತು. ಬಾವಿ ನೀರು! ತೊಟ್ಟಿಯ ಅವನ ಮಕ್ಕಳು ಅಮೋನಿಯದ ಕೊನೆಯ ಹನಿಯನ್ನೂ ಬಿಡದೆ ತಿಂದಿದ್ದವು. ಲ್ಯಾಬು ಕೊಡದಿದ್ದ ಸರ್ಟಿಫಿಕೇಟು ಒಂಬತ್ತು ತಟ್ಟೆಯ ತುಂಬ ಬಿದ್ದಿತ್ತು. ಈ ಹೆಂಗಸರನ್ನು ಹೀಗೇ ಡಾಕ್ಟರ್ ಇಬ್ತಿಹಾಲರ ಮುಂದೆ ನಿಲ್ಲಿಸಿದರೆ ಸಾಕು, ಓಯಸಿಸ್ಸು ತಪ್ಪಿತು! ಅವನು ಬಾಯಿ ತೆರೆದ. “ಅಕ್ಕಾ, ಅದು ಬರೀ ನೀರೇ. ಅದು ನಮ್ಮ...”

ಸುತ್ತ ಹದಿನೈದು ಜನ ಹೆಂಗಸರು. ಹದಿನೈದು ಕೈಯಲ್ಲಿ ಹದಿನೈದು ಲಟ್ಟಣಿಗೆ. ಅದು ಎಲ್ಲಿಯ ನೀರು ಎಂದು ಹೇಳಿದರೆ ಓಯಸಿಸ್ಸಿನ ತನಕ ಹೋಗುವ ಪ್ರಶ್ನೆಯೇ ಇರುವುದಿಲ್ಲ. ಸ್ಮಶಾನ ಹತ್ತಿರದಲ್ಲೇ ಇತ್ತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“...ನಮ್ಮ ಆಫೀಸಿನ ತಪ್ಪು” ಎಂದ. “ಈ ಬಿಸ್ಕತ್ತು ಯಾರೂ ತಿನ್ನಬೇಡಿ. ಎಲ್ಲಾ ನನಗೇ ಕೊಡಿ. ಬದಲಿಗೆ ನಮ್ಮ ಮನೆ ಹಿಟ್ಟು, ಬೆಣ್ಣೆ ತಗೊಳ್ಳಿ.”

“ಒಂದು ತಟ್ಟೇನೂ ಬಿಡಲ್ವಂತೆ! ಎಂಥಾ ಹೊಟ್ಟೆಬಾಕ!” ಎಂದು ಯಾರೋ ನಕ್ಕರು. ಬಯೂಮಿ ಒಂದೊಂದೇ ತಟ್ಟೆ ಒಳಗೆ ಸಾಗಿಸಿ, ಎಣಿಸಿದ. ಒಂಬತ್ತೂ ಇತ್ತು. ಆದರೆ ಕೊನೆಯದು ಅರ್ಧ ಖಾಲಿ.

“ಇದರಲ್ಲಿದ್ದದ್ದು ಎಲ್ಲೇ ಹೋಯ್ತು?”

ಸನಿಯ್ಯಾ ಕಣ್ಣೊರೆಸಿಕೊಂಡಳು. “ಆಫೀಸಿಂದ ವರ್ಗದ ಸುದ್ದಿ ಬಂತಲ್ಲ ರೀ. ಒಳ್ಳೊಳ್ಳೇವು ಆರಿಸಿ, ಸಕ್ಕರೆ ಉದುರಿಸಿ, ಸಾಹೇಬರ ಮನೆಗೆ ನಾನೇ ಕೊಟ್ಟು ಬಂದೆ. ನಿಮ್ಮ ಹೆಸರು ಹೇಳಿ. ಮನಸ್ಸು ಕರಗಬಹುದು ಅಂತ.”

ಬಯೂಮಿ ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಉಪವಾಸ ಮುಗಿಯುವ ತೋಪು ಢಂ ಎಂದಿತು. ಸಾಹೇಬರ ಬಾಯಿಗೆ ಮೊದಲ ಬಿಸ್ಕತ್ತು ಬಿದ್ದಾಯಿತು ಎಂದು ಅವನು ಚಪ್ಪಲಿ ಕಳಚಿದ. ಕಾಲು ಗಂಟೆಯಲ್ಲಿ ಫೋನು ಬಂತು.

“ಬಯೂಮಿ!” ಸಾಹೇಬರ ಬಾಯಿ ತುಂಬಿತ್ತು. “ಏನಯ್ಯಾ ಬಿಸ್ಕತ್ತಿದು! ಎಲ್ಲರ ಮನೇದೂ ನುಶಾದರ್ ನಾರುತ್ತೆ, ಇದರಲ್ಲಿ ಆ ಸುಳಿವೇ ಇಲ್ಲ! ನಮ್ಮಮ್ಮನ ಕೈಯ ತೆಳ್ಳನೆ ಬಿಸ್ಕತ್ತು ನೆನಪಾಯ್ತು. ಹತ್ತು ತಿಂದೆ.”

“ಸಾರ್... ವರ್ಗಾವಣೆ...”

“ಅದು ಸಹಿಯಾಗಿ ಹೋಯ್ತು ಕಣಯ್ಯಾ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಬಿಸ್ಕತ್ತಿಗೆ ಬಿದ್ದಿರೋ ಶ್ರದ್ಧೇಲಿ ಅರ್ಧ ನಮ್ಮ ಘಟಕದ ನೀರಿಗೆ ಬಿದ್ದಿದ್ರೆ, ನಿನಗೆ ಈ ಗತಿ ಬರ್ತಿತ್ತೇನು?”

ಬಯೂಮಿ ಒಂಬತ್ತು ತಟ್ಟೆಗಳ ಕಡೆ ನೋಡಿದ. ಆಮೇಲೆ, “ಬರ್ತಿರಲಿಲ್ಲ ಸಾರ್” ಎಂದ.

“ಹೋಗೋ ಮುಂಚೆ ಇನ್ನೆರಡು ತಟ್ಟೆ ಕಳಿಸು” ಎಂದು ಸಾಹೇಬರು ಫೋನಿಟ್ಟರು. ಸನಿಯ್ಯಾ ಅಟ್ಟದ ಮೇಲಿನ ಟ್ರಂಕು ಇಳಿಸಿ ಧೂಳು ಒರೆಸತೊಡಗಿದಳು.