ಆನ್ಸೆಲ್ಮ್ ಹೇರಿದ ನಿರ್ಬಂಧ

ದೋಹಾದ ಮದೀನತ್ ಖಲೀಫಾ ಬಡಾವಣೆಯ ಆ ವಿಲ್ಲಾದ ಎದುರು ಇದ್ದದ್ದು ಒಂದೇ ಬೇವಿನ ಮರ. ಅದರಡಿ ಒಂದು ಗಾಡಿಗೆ ಸಾಲುವಷ್ಟೇ ನೆರಳು. ಹನ್ನೆರಡು ವರ್ಷಗಳಿಂದ ಆ ನೆರಳು ತನ್ನದೆಂದು ಆನ್ಸೆಲ್ಮ್ ನಂಬಿಕೊಂಡಿದ್ದ. ಅಂದು ಬೆಳಿಗ್ಗೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಸಯೀದನ ಪಿಕಪ್ ಅಲ್ಲಿ ನಿಂತಿತ್ತು. ಆನ್ಸೆಲ್ಮ್ ಕಾರನ್ನು ಬಿಸಿಲಿಗೆ ಬಿಟ್ಟು ತಿಂಡಿ ತಿಂದು ಬಂದ. ಸ್ಟೇರಿಂಗ್ ದೋಸೆ ಕಾವಲಿಯಾಗಿತ್ತು, ಅಂಗೈ ಸುಟ್ಟಿತು.

"ಎಷ್ಟು ಸೊಕ್ಕು ನೋಡು ಅವನಿಗೆ."

"ಸ್ವಲ್ಪ ಹೊತ್ತಿಗೆ ಮಾರಾಯ್ರೆ. ನೀವು ಹೊರಡಿ," ಎಂದಳು ಹೆಂಡತಿ ಎಡ್ನಾ, ಯಾಕೋ ಅವಸರದಲ್ಲಿ.

ಅವಳ ತಲೆಯಲ್ಲಿ ಈಗ ಮಗಳು ಮೆಲನಿಯ ಮದುವೆ ಬಿಟ್ಟು ಬೇರೇನೂ ಇರಲಿಲ್ಲ. ಮಂಗಳೂರಿನಲ್ಲಿ, ಇನ್ನು ಇಪ್ಪತ್ತೇ ದಿನ. ದೋಹಾದಲ್ಲಿ ಹೊಲಿಸಿದ ಗೌನ್ ಮೊದಲೇ ತಲುಪಬೇಕು, ಹುಡುಗಿ ಹಾಕಿ ನೋಡಬೇಕು. ಆನ್ಸೆಲ್ಮ್ ಇದ್ದದ್ದು ಕಾರ್ಗೋ ಕಂಪನಿಯಲ್ಲೇ. ಆದರೂ "ನನ್ನ ಹೆಸರಲ್ಲಿ ಬೇಡ, ಆಫೀಸಿನವರು ಆಡಿಕೊಳ್ತಾರೆ" ಎಂದು ಅವನು ಹಟ ಹಿಡಿದಾಗ, "ಬಿಡಿ, ನಾನು ನೋಡಿಕೊಳ್ತೇನೆ" ಎಂದು ಅವಳು ಮಾತು ಮುಗಿಸಿದ್ದಳು.

ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ಸಾಮಾನು ಕಳಿಸುವವರ ಹೆಸರನ್ನು ನಿರ್ಬಂಧದ ಪಟ್ಟಿಯೊಡನೆ ತಾಳೆ ನೋಡುವುದು ಆನ್ಸೆಲ್ಮ್‌ನ ಕೆಲಸ. ಎಲ್ಲಿಯದೋ ಸರಕಾರ ಇನ್ನೆಲ್ಲಿಂದಲೋ ಕ್ಷಿಪಣಿ ಕೊಂಡಿತ್ತು. ಅದನ್ನು ಸಹಿಸದ ದೊಡ್ಡ ದೇಶವೊಂದು ವ್ಯಾಪಾರ ಕುದುರಿಸಿದವರ ಹೆಸರುಗಳ ಪಟ್ಟಿ ಹೊರಡಿಸಿತ್ತು. ಅವರ ಒಂದು ಸೂಜಿಯನ್ನೂ ಸಾಗಿಸುವಂತಿಲ್ಲ.

ಹನ್ನೊಂದು ಗಂಟೆಗೆ ಪರದೆ ಕೆಂಪಾಯಿತು. ಸಯೀದ್ ಉಮರ್. ಕ್ಷಿಪಣಿ ದಲ್ಲಾಳಿಯ ಹೆಸರೂ ಅದೇ. ಆದರೆ ಈ ಸಯೀದ್ ಉಮರ್ ಪಕ್ಕದ ಮನೆಯವನೇ, ಎಸಿ ಬಿಡಿಭಾಗ ಮಾರುವವ, ಅವನ ಕಾರ್ಟನ್ ಹೊರಟದ್ದು ಮಂಗಳೂರಿನ ಪಕ್ಕದ ಉಳ್ಳಾಲಕ್ಕೆ. ಹೋದ ವರ್ಷ ಅವನಿಗೆ ವೀಸಾ ಅರ್ಜಿ ತುಂಬಿಕೊಟ್ಟಾಗಿನ ಪಾಸ್‌ಪೋರ್ಟ್ ಪ್ರತಿ ಆನ್ಸೆಲ್ಮ್‌ನ ಮೇಜಿನಲ್ಲೇ ಇತ್ತು. ಹುಟ್ಟಿದ ತಾರೀಕು ತೋರಿಸಿದರೆ ಎರಡು ನಿಮಿಷದ ಕೆಲಸ. ಆದರೆ ಅಂಗೈ ಇನ್ನೂ ಉರಿಯುತ್ತಿತ್ತು.

'ಒಂದು ದಿನ ಬಿಸಿ ಮುಟ್ಟಲಿ' ಎಂದುಕೊಂಡು ತಡೆಹಿಡಿಯುವ ಬಟನ್ ಒತ್ತಿದ.

ಮಧ್ಯಾಹ್ನ ಸಯೀದನ ಫೋನು. ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ರೂಢಿಯಂತೆ ಅವನಿಗೆ ಆನ್ಸೆಲ್ಮ್ 'ಪೊರ್ಬುಗಳು'. "ಪೊರ್ಬುಗಳೇ, ಬೆಳಿಗ್ಗೆ ನಿಮ್ಮ ಜಾಗದಲ್ಲಿ ಗಾಡಿ ಇಟ್ಟೆ, ಬೇಜಾರು ಮಾಡ್ಬೇಡಿ. ನಮ್ಮ ಮನೆಯವಳು ತುಪ್ಪದ ಅನ್ನ ಮಾಡಿದ್ದಾಳೆ, ರಾತ್ರಿಗೆ ನಿಮ್ಮಲ್ಲಿ ಅಡಿಗೆ ಬೇಡ."

ಆನ್ಸೆಲ್ಮ್‌ಗೆ ನಾಚಿಕೆಯಾಯಿತು. ಓಡಿಹೋಗಿ ಮೇಲಧಿಕಾರಿ ಕ್ಲಿಫರ್ಡನ ಮುಂದೆ ನಿಂತ.

"ಒಂದು ಕಾರ್ಟನ್ ಬಿಡಿಸ್ಬೇಕಿತ್ತು."

"ನೀನು ಬಟನ್ ಒತ್ತಿ ಆಯ್ತಾ? ಹಾಗಾದ್ರೆ ಖಲಾಸ್. ಇನ್ನು ಹೆಡ್ ಆಫೀಸಿನವರೇ ಬಿಡ್ಬೇಕು. ನಲವತ್ತೈದು ದಿನ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆದರೂ ಆನ್ಸೆಲ್ಮ್ ಹೆಡ್ ಆಫೀಸಿಗೆ ಫೋನು ಮಾಡಿದ. ಅಲ್ಲಿಯ ಹೆಂಗಸು ಪೊಲೀಸರಂತೆ ವಿಚಾರಿಸಿದಳು.

"ಈ ವ್ಯಕ್ತಿ ನಿಮಗೆ ಪರಿಚಯವೇ?"

"ಪಕ್ಕದ ಮನೆಯವ."

"ಅವರಿಂದ ಏನಾದರೂ ಪಡೆದಿದ್ದೀರಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಆನ್ಸೆಲ್ಮ್ "ತುಪ್ಪದ ಅನ್ನ" ಎಂದ.

"ಎಷ್ಟು ಸಲ?"

"ಹನ್ನೆರಡು ವರ್ಷದಿಂದ."

ಆರೋಪಿಯ ಆಪ್ತನೆಂದು ಬರೆದುಕೊಂಡ ಆಕೆ, ಈ ವಿಷಯದಲ್ಲಿ ಇನ್ನು ತುಟಿ ಬಿಚ್ಚಬಾರದೆಂದು ಎಚ್ಚರಿಸಿ ಫೋನಿಟ್ಟಳು.

ಸಂಜೆ ಮನೆಗೆ ಬಂದರೆ ಸಯೀದ್ ಒಳಗೆ ಕೂತಿದ್ದ. ಎಡ್ನಾಳ ಕಣ್ಣು ಕೆಂಪಾಗಿತ್ತು.

"ನಿಮ್ಮ ಕಂಪನಿ ಅಂತ ನಂಬಿ ಕಳಿಸಿದ್ದು ಪೊರ್ಬುಗಳೇ, ಯಾರೋ ಕಾರ್ಟನ್ ತಡೆದಿದ್ದಾರೆ. ನನ್ನ ಸಾಮಾನು ಆರು ತಿಂಗಳು ಅಲ್ಲೇ ಬಿದ್ದಿರ್ಲಿ. ಆದ್ರೆ ಮೆಲನಿಯ ಗೌನ್ ಉಂಟಲ್ಲ ಅದರಲ್ಲಿ."

ಆನ್ಸೆಲ್ಮ್ ಎಡ್ನಾಳತ್ತ ತಿರುಗಿದ.

"ನಿಮ್ಮ ಹೆಸರು ಬೇಡ ಅಂದ್ರಲ್ಲ, ಅದಕ್ಕೆ ಅವರ ಹೆಸರಲ್ಲಿ ಹಾಕಿಸಿದೆ," ಎಂದಳು ಎಡ್ನಾ. "ಬಿಸಿಲಿಗೆ ಮಣಿಗಳ ಅಂಟು ಬಿಡ್ತದೆ ಅಂತ ಗಾಡಿ ನೆರಳಿಗೆ ನಿಲ್ಲಿಸ್ಲಿಕ್ಕೆ ಹೇಳಿದ್ದೂ ನಾನೇ."

"ತಡೆದದ್ದು ನಾನು," ಎಂದ ಆನ್ಸೆಲ್ಮ್.

ಸಯೀದ್ ಕೂತಲ್ಲಿಂದ ಎದ್ದ.

"ನೆರಳಿಗಾ, ಪೊರ್ಬುಗಳೇ?"

ಮೂಲೆಯಲ್ಲಿ ಟೀವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ನಿರ್ಬಂಧಗಳ ನಡುವೆಯೂ ಆ ದೇಶ ಕೊಂಡ ಕ್ಷಿಪಣಿಗಳು ಹೇಳಿದ ತಾರೀಕಿಗೇ ಬಂದರು ತಲುಪಿವೆಯಂತೆ.